ಅಕ್ಕಿಗೆ ಕಿಟಕಿ ತೆರೆದಿಡಿ

ಅರಸೀಕೆರೆ ಕಡೆಗೆ ಹೋಗುವ ಬೆಳಗಿನ ರೈಲಿಗೆ ನಾವು ಒಂದು ಗಂಟೆ ಮುಂಚೆಯೇ ಬಂದು ಮೈಸೂರು ಸ್ಟೇಷನ್ನಿನಲ್ಲಿ ಕೂತಿದ್ದೆವು. ರೈಲು ತಪ್ಪಿಸಿಕೊಳ್ಳುವುದಿರಲಿ, ರೈಲಿಗಾಗಿ ಓಡುವುದು ಕೂಡ ರುಕ್ಕತ್ತೆಯ ಪ್ರಕಾರ ಮರ್ಯಾದಸ್ಥರ ಲಕ್ಷಣವಲ್ಲ. ಆಗಿನ್ನೂ ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಪಿ.ಯು.ಸಿ. ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತ, ಮನೆಯವರ ಕಾಲಿಗೂ ಕೈಗೂ ಅಡ್ಡ ಸಿಗುತ್ತಿದ್ದ ಬೇಸಿಗೆ. ಅತ್ತೆಗೆ ಜೊತೆಯಾಗುತ್ತದೆ, ಹೋಗಿ ಬಾ ಎಂದು ಅಪ್ಪ ನನ್ನನ್ನೂ ಹೊರಡಿಸಿದ್ದರು.

ರುಕ್ಕತ್ತೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವರು. ಬೇಸಿಗೆ ಬಂತೆಂದರೆ ಅವರಿಗೊಂದು ಕೆಲಸವಿರುತ್ತಿತ್ತು. ಯಾತ್ರೆಗೋ ಮದುವೆಗೋ ಹೊರಟ ಪರಿಚಯದವರ ಮನೆಗೆ ಹೋಗಿ, ಅವರು ಹಿಂತಿರುಗುವವರೆಗೆ ಮನೆ ಕಾಯುವುದು. ಅವರು ಸಾಕಿದ ನಾಯಿ, ಬೆಕ್ಕು, ಹಸು, ಎಮ್ಮೆಗಳನ್ನು ನೋಡಿಕೊಳ್ಳುವುದು. ನಮ್ಮ ಮನೆಯಲ್ಲಿ ಅತ್ತೆ ಇದ್ದದ್ದು ಅಡುಗೆಮನೆಯ ಗೋಡೆಗೆ ಒರಗಿಕೊಂಡು, ಕೇಳಿದರೆ ಮಾತ್ರ ಮಾತಾಡಿಕೊಂಡು. ಬೇರೆಯವರ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬೆನ್ನು ನೆಟ್ಟಗಾಗುತ್ತಿತ್ತು, ದನಿ ಏರುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಚಮಚ ಕಳೆದಿಲ್ಲ, ಒಂದು ಬೆಕ್ಕಿನ ಮರಿ ಸೊರಗಿಲ್ಲ ಎಂದು ಅವರು ರೈಲಿನಲ್ಲಿ ಎದುರಿಗೆ ಕೂತ ಅಪರಿಚಿತರಿಗೂ ಹೇಳಿಕೊಂಡರು.

ಕೃಷ್ಣರಾಜನಗರಕ್ಕೆ ಟಿಕೆಟ್ಟು ಒಂದು ರೂಪಾಯಿಯ ಒಳಗೇ ಇತ್ತು. ಅಲ್ಲಿಂದ ಮಿರ್ಲೆಗೆ ಬಸ್ಸು. ಸೀಟಿನ ಕೆಳಗೆ ಬೆಲ್ಲದ ಅಚ್ಚುಗಳ ಮೂಟೆಯಿದ್ದು, ಇಳಿಯುವ ಹೊತ್ತಿಗೆ ನನ್ನ ಚಪ್ಪಲಿ ನೆಲಕ್ಕೆ ಅಂಟುತ್ತಿತ್ತು. ನಾಲೆಯ ನೀರು ಕಂಡ ಊರು. ಬೇಸಿಗೆಯಲ್ಲೂ ದಾರಿಯ ಎರಡೂ ಕಡೆ ಕಬ್ಬು ಹಸಿರಾಗಿ ನಿಂತಿತ್ತು. ನಾವು ಹೋದದ್ದು ಕಾಳೇಗೌಡರ ಮನೆಗೆ. ವರ್ಷಕ್ಕೊಮ್ಮೆ ನಮ್ಮ ಮನೆಗೆ ಅಕ್ಕಿ ತಂದುಕೊಡುತ್ತಿದ್ದವರು ಅವರೇ. ಈಗ ಹೆಂಡತಿ ಸಣ್ಣತಾಯಮ್ಮನ ಜೊತೆ ತಿರುಪತಿಗೆ ಹೊರಟಿದ್ದರು, ಹತ್ತು ದಿನ.

ಎರಡು ಎಮ್ಮೆ, ಒಂದು ಕರಿಯ ನಾಯಿ, ಮೊಟ್ಟೆಯಿಡುವ ಕೋಳಿಗಳು. ಎಲ್ಲವನ್ನೂ ತೋರಿಸಿ ಆಯಿತು. ಜಗಲಿಯ ಪಕ್ಕದ ಕೋಣೆಯ ತುಂಬ ಅಕ್ಕಿ ಮೂಟೆ, ಅದಕ್ಕೊಂದು ಸಣ್ಣ ಕಿಟಕಿ. ಗಾಡಿ ಹತ್ತಿ ಕೂತ ಮೇಲೆ ಸಣ್ಣತಾಯಮ್ಮ ತಟ್ಟನೆ ನೆನಪಾದವರಂತೆ ಕೂಗಿ ಹೇಳಿದರು.

"ಅಮ್ಮಾವ್ರೇ, ಒತ್ತು ಮುಳುಗೋವಾಗ ಅಕ್ಕಿಗೆ ಕಿಟ್ಕಿ ತೆರ್ದಿಡಿ. ಮರ್ತ್‌ಬುಡ್ಬೇಡಿ."

ಆಗಲಿ ಎಂದು ಅತ್ತೆ ಕೈಬೀಸಿದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಕಡೆ ತಿರುಗಿ, ಅಕ್ಕಿಗೆ ಗಾಳಿ ಆಡಬೇಕು ನಿಜ, ಆದರೆ ಮುಸ್ಸಂಜೆಯಲ್ಲಿ ಕಿಟಕಿ ತೆರೆದಿಟ್ಟರೆ ಇಲಿ ಬರುವುದಿಲ್ಲವೇ, ಇವರಿಗೆ ಅಷ್ಟೂ ತಿಳಿಯದು ಎಂದರು. ಹಗಲು ಬಿಸಿಲಿರುವಾಗ ಕಿಟಕಿ ತೆರೆದಿಟ್ಟು, ಸಂಜೆಯಾಗುವ ಮುಂಚೆ ಭದ್ರವಾಗಿ ಮುಚ್ಚಿದರು. ಯಾರು ಏನೇ ಹೇಳಲಿ, ಅದನ್ನು ಒಂದು ಚೂರು ತಿದ್ದಿ ಮಾಡುವುದು ಅತ್ತೆಯ ಸ್ವಭಾವ.

ಮೊದಲ ಸಂಜೆ ಮುಚ್ಚಿದ ಕಿಟಕಿಯ ಹೊರಗೆ ಒಂದು ಕರಿಯ ಹಕ್ಕಿ ಬಂದು ಕುಟುಕಿತು. ಅಕ್ಕಿಯ ವಾಸನೆಗೆ ಬಂದಿದೆ ಎಂದು ಅತ್ತೆ ಮೊರ ಬೀಸಿ ಓಡಿಸಿದರು. ಎರಡನೆಯ ಸಂಜೆ ಅದೇ ಕಿಟಕಿಯಾಚೆಯಿಂದ "ಯಾರ್ಲಾ ಅದು" ಎಂದು ಯಾರೋ ಗದರಿಸಿ ಕೇಳಿದ ಹಾಗಾಯಿತು. ಅತ್ತೆಗೆ ಸಿಟ್ಟು ನೆತ್ತಿಗೇರಿತು. ತಾನು ಮನೆಯವರು ನಂಬಿ ಬಿಟ್ಟುಹೋದ ಹೆಂಗಸು, ಲಾ ಗೀ ಎನ್ನುವ ನೀವು ಯಾರು ಎಂದು ಒಳಗಿನಿಂದಲೇ ದಬಾಯಿಸಿದರು. ಹೊರಗೆ ಹೋಗಿ ನೋಡಿದರೆ ಒಬ್ಬರೂ ಇರಲಿಲ್ಲ. ಮೂರನೆಯ ಸಂಜೆ ಎಲ್ಲ ನಿಶ್ಶಬ್ದವಾಗಿತ್ತು. ಹೆದರಿಸಿದ್ದು ಒಳ್ಳೆಯದಾಯಿತು ಎಂದು ಅತ್ತೆ ಬೀಗಿದರು.

ಐದನೆಯ ದಿನ ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ಕೇಳಿಕೊಂಡು ಬಂದರು. ಜಗಲಿಯ ಮೇಲೆ ಕೂತು ಆ ಕಡೆ ಈ ಕಡೆ ನೋಡಿ, "ಅಲ್ಲಾ ಕಣ್ರವ್ವಾ, ಅಕ್ಕಿ ಎಲ್ಲೋಯ್ತು? ಎಲ್ಡ್ ಮೂರ್ ದಿನದಿಂದ ಸದ್ದೇ ಇಲ್ವಲ್ಲ" ಎಂದರು.

ಅಕ್ಕಿ ಎಲ್ಲಿಗೆ ಹೋಗುತ್ತದೆ, ಕೋಣೆಯಲ್ಲೇ ಮೂಟೆಯಲ್ಲಿದೆ ಎಂದರು ಅತ್ತೆ.

"ಮೂಟೇಲಿ ಕಟ್ಟಾಕಿದೀರಾ? ಉಸ್ರು ಕಟ್ಟೋಯ್ತದೆ ಕಣ್ರವ್ವಾ."

ಮಜ್ಜಿಗೆ ಚೊಂಬು ಹಿಡಿದ ಅತ್ತೆಯ ಕೈ ಅಲ್ಲೇ ನಿಂತಿತು. ಅವರ ಮುಖ ಬಿಳಿಚಿಕೊಂಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ಸೀಮೆಯ ಜನ ಹಳ್ಳಿಯನ್ನು ಅಳ್ಳಿ ಎನ್ನುತ್ತಾರೆ, ಹಾಲನ್ನು ಆಲು ಎನ್ನುತ್ತಾರೆ ಎನ್ನುವುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಅದನ್ನು ಅಣಕಿಸಿ ನಕ್ಕವರೂ ನಾವೇ. ಆದರೂ ಮೂಟೆಗಳ ಎದುರು ನಿಂತಾಗ ಅಕ್ಕಿ ಎಂದರೆ ಹಕ್ಕಿಯೂ ಆಗಬಹುದು ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಅಜ್ಜಿಯಿಂದ ಉಳಿದದ್ದು ತಿಳಿಯಿತು. ಅದು ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಬಂದ ಗೊರವಂಕ. ಮರದ ಪೊಟರೆಯಿಂದ ಬಿದ್ದ ಮರಿಯನ್ನು ಅಲ್ಲಿನ ಕಾಡುಜನರ ಹಾಡಿಯ ಪರಿಚಯದವರೊಬ್ಬರು ಕೊಟ್ಟಿದ್ದರಂತೆ. ಸಣ್ಣತಾಯಮ್ಮ ಬಟ್ಟೆಯಲ್ಲಿ ಸುತ್ತಿಟ್ಟು, ಬೆರಳ ತುದಿಯಿಂದ ತುತ್ತು ತಿನ್ನಿಸಿ ಬೆಳೆಸಿ ಆರು ವರ್ಷವಾಗಿತ್ತು. ಪಂಜರವಿಲ್ಲ. ಹಗಲೆಲ್ಲ ತೋಟದಲ್ಲಿ ಅಲೆದು, ಹೊತ್ತು ಮುಳುಗುವಾಗ ಆ ಕಿಟಕಿಯಿಂದ ಒಳಗೆ ಬಂದು ಮೂಟೆಯ ಮೇಲೆ ಮಲಗುತ್ತಿತ್ತು. ಬಂದವರನ್ನೆಲ್ಲ "ಯಾರ್ಲಾ ಅದು" ಎಂದು ಕೇಳುವುದು ಅದರ ಅಭ್ಯಾಸ. "ಒತ್ತಾಯ್ತು ಬಾ" ಎಂದು ಕೂಗಿದರೆ ಎಲ್ಲಿದ್ದರೂ ಬರುತ್ತದೆ ಎಂದೂ ಅಜ್ಜಿ ಹೇಳಿಕೊಟ್ಟರು.

ಅವತ್ತಿನಿಂದ ಐದು ಸಂಜೆ ಅತ್ತೆ ಆ ಕಿಟಕಿ ಬಿಟ್ಟು ಕದಲಲಿಲ್ಲ. ಮೊದಲ ದಿನ ನಾಚಿಕೆಪಟ್ಟುಕೊಂಡು, ಶುದ್ಧವಾಗಿ, "ಹೊತ್ತಾಯಿತು, ಬಾ" ಎಂದು ಕರೆದರು. ನಾನು ನಕ್ಕದ್ದಕ್ಕೆ ಬೈಸಿಕೊಂಡೆ. ಕೊನೆಯ ಸಂಜೆ ಊರಿಗೆಲ್ಲ ಕೇಳುವ ಹಾಗೆ, "ಒತ್ತಾಯ್ತು ಬಾರೋ ಮಗಾ" ಎಂದು ಕೂಗುತ್ತಿದ್ದರು. ಆಗ ನನಗೆ ನಗು ಬರಲಿಲ್ಲ. ಹಕ್ಕಿಯೂ ಬರಲಿಲ್ಲ.

ಯಾತ್ರೆಯವರು ಬಂದ ದಿನ ಗಾಡಿ ನಿಲ್ಲುವುದಕ್ಕೆ ಮುಂಚೆಯೇ ಅತ್ತೆ ಬೀದಿಗೆ ಇಳಿದರು. ಬೀಗದ ಕೈಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ, "ತಾಯಮ್ಮ, ಮನೆ ಸರಿಯಾಗಿದೆ. ಎಮ್ಮೆ, ನಾಯಿ ಸರಿಯಾಗಿವೆ. ನಿಮ್ಮ ಹಕ್ಕಿಯನ್ನ ನಾನು ಮೊರ ಬೀಸಿ ಓಡಿಸಿಬಿಟ್ಟೆ" ಎಂದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದರು.

ಸಣ್ಣತಾಯಮ್ಮ ಬೀಗದ ಕೈ ತೆಗೆದುಕೊಂಡು, "ಬುಡಿ ಅಮ್ಮಾವ್ರೇ. ರೆಕ್ಕೆ ಇರೋದು ಆರೋಯ್ತದೆ" ಎಂದು ಒಳಗೆ ಹೋದರು. ಆ ಕೋಣೆಯಿಂದ ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಕಣ್ಣು ಕೆಂಪಾಗಿತ್ತು. ಕೋಟೆ ಕಡೆಯಿಂದ ಇನ್ನೊಂದು ಮರಿ ತರಿಸಿಕೊಂಡರಾಯಿತು ಎಂದು ಪಕ್ಕದ ಮನೆಯ ಅಜ್ಜಿ ಸಮಾಧಾನ ಹೇಳಿದರು. "ಬ್ಯಾಡ ಕಣಜ್ಜಿ. ಇನ್ನೊಂದ ಸಾಕೋ ಮನ್ಸಿಲ್ಲ" ಎಂದರು ಸಣ್ಣತಾಯಮ್ಮ. ಹೊರಡುವಾಗ ಅವರು ಕೊಟ್ಟ ಹೊಸ ಅಕ್ಕಿಯನ್ನೂ ತಿರುಪತಿ ಲಾಡನ್ನೂ ಅತ್ತೆ ತೆಗೆದುಕೊಳ್ಳಲು ಹೋಗಲಿಲ್ಲ. ಲಾಡು ನಾನು ತೆಗೆದುಕೊಂಡೆ.

ಅಲ್ಲಿಂದ, ಆ ಬೇಸಿಗೆಗೆ ಅತ್ತೆ ಒಪ್ಪಿಕೊಂಡಿದ್ದ ಎರಡನೆಯ ಮನೆಗೆ, ಹುಣಸೂರಿನ ದಾರಿ. ನಾಲೆಯ ಹಸಿರು ಹಿಂದಕ್ಕೆ ಉಳಿದು ಕೆಂಪು ನೆಲ ಬಂತು. ಹೊಗೆಸೊಪ್ಪು ಹದಮಾಡುವ ಎತ್ತರದ ಬ್ಯಾರನ್ನುಗಳು ಕಂಡವು. ಹುಣಸೂರಿನಲ್ಲಿ ಕೊಡಗಿನ ಕಡೆಯ ಮರದ ಲಾರಿಗಳು ಸಾಲಾಗಿ ನಿಂತು, ಬಸ್‌ಸ್ಟ್ಯಾಂಡೆಲ್ಲ ಹಸಿ ಮರದ ವಾಸನೆ. ಹೋಟೆಲಿನಲ್ಲಿ ನಾನು ಎರಡು ದೋಸೆ ತಿಂದೆ. ಅತ್ತೆ ಕಾಫಿಯನ್ನೂ ಮುಟ್ಟಲಿಲ್ಲ. ಪಿರಿಯಾಪಟ್ಟಣದ ಬಸ್ಸು ಹತ್ತಿ, ಊರು ಸಿಗುವ ಮುಂಚೆಯೇ ಕಂಪಲಾಪುರದಲ್ಲಿ ಇಳಿದುಕೊಂಡೆವು. ಇಳಿಯುವಾಗ ಅತ್ತೆ, "ಮಾತು ಕೊಟ್ಟಿದ್ದೀನಿ ಅಂತ ಬಂದೆ. ಇದೇ ಕೊನೆ ಕಣೇ. ಇನ್ನು ಯಾರ ಮನೆ ಬೀಗದ ಕೈಯನ್ನೂ ಮುಟ್ಟಲ್ಲ" ಎಂದರು.

ಕಂಪಲಾಪುರದಲ್ಲಿ ನಾವು ಕಾದದ್ದು ಒಬ್ಬ ಹೆಡ್‌ಮಾಸ್ತರ ಮನೆಯನ್ನು. ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದರು. ಒಂದು ನಾಯಿ, ಎರಡು ಬೆಕ್ಕು. ಅತ್ತೆ ಅವರು ಹೇಳಿದ್ದನ್ನೆಲ್ಲ ನನ್ನಿಂದ ಕಾಗದದ ಮೇಲೆ ಬರೆಸಿ, ಓದಿಸಿ, ಸರಿಯೇ ಎಂದು ಕೇಳಿದರು. ನಾಯಿಗೆ ಅನ್ನ ಹಾಕಿ ಎಂದಿದ್ದಕ್ಕೆ, ಅನ್ನ ಅಂದರೆ ಅನ್ನವೇ ತಾನೆ ಎಂದು ವಿಚಾರಿಸಿದಾಗ ಮಾಸ್ತರು ತಬ್ಬಿಬ್ಬಾದರು. ಏಳು ದಿನವೂ ಅತ್ತೆ ಬೆಕ್ಕುಗಳನ್ನು ಕಣ್ಣಿನ ಅಳತೆಯಿಂದ ಆಚೆಗೆ ಬಿಡಲಿಲ್ಲ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಬೀಗದ ಕೈ ಸೊಂಟದಲ್ಲಿ ಇರಲಿಲ್ಲ. ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದರು. ಅವರನ್ನು ಹಾಗೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಎಂಟನೆಯ ದಿನ ಮೈಸೂರಿಗೆಂದು ಹೊರಟು ಮತ್ತೆ ಹುಣಸೂರಿನಲ್ಲಿ ಇಳಿದೆವು. ಹೆಗ್ಗಡದೇವನಕೋಟೆ ಕಡೆಯಿಂದ ಬಂದ ಬಸ್ಸಿನಿಂದ ಇಳಿಯುತ್ತಿದ್ದವರು ಸಾಕ್ಷಾತ್ ಕಾಳೇಗೌಡರು. ಬಿಳಿ ಅಂಗಿಯೆಲ್ಲ ಕೆಂಪು ಧೂಳು. ಕಂಕುಳಲ್ಲಿ ಒಂದು ಬಿದಿರು ಬುಟ್ಟಿ, ಅದರ ಬಾಯಿಗೆ ಟವೆಲು ಸುತ್ತಿತ್ತು. ನಮ್ಮನ್ನು ಕಂಡದ್ದೇ ಬುಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ನಿಮ್ಗೇ ಏಳ್ ಕಳಿಸ್ಬೇಕು ಅಂತಿದ್ದೆ ಅಮ್ಮಾವ್ರೇ. ಅಕ್ಕಿ ಬಂದ್ಬುಡ್ತು ಕಣ್ರೀ, ಮೊನ್ನೆ. ತಾನಾಗೇ" ಎಂದರು. ಆಗಲೇ ಬುಟ್ಟಿಯೊಳಗೆ ಏನೋ ಕೀಚ್ ಎಂದಿತು. ಗೌಡರು ಜೋರಾಗಿ ಕೆಮ್ಮಿದರು.

ನಾನು ಬಾಯಿ ತೆರೆದೆ. ಅತ್ತೆ ನನ್ನ ರಟ್ಟೆ ಹಿಡಿದು ಚಿವುಟಿದರು. ಒಮ್ಮೆ ಬಂದು ನೋಡಿಕೊಂಡೇ ಹೋಗಬೇಕು, ಹೆಂಡತಿ ಹಟ ಹಿಡಿದಿದ್ದಾಳೆ ಎಂದು ಗೌಡರು ಒತ್ತಾಯ ಮಾಡಿದರು. ಅತ್ತೆ ಒಂದು ಗಳಿಗೆ ಯೋಚಿಸಿ, ಆಗಲಿ ನಡೆಯಿರಿ ಎಂದರು.

ಕೃಷ್ಣರಾಜನಗರದವರೆಗಿನ ಆ ಬಸ್ ಪ್ರಯಾಣದಷ್ಟು ನಾನು ನಗು ತಡೆದುಕೊಂಡದ್ದು ಬೇರೆ ಯಾವಾಗಲೂ ಇಲ್ಲ. ಬುಟ್ಟಿ ಕೀಚ್ ಎಂದಾಗಲೆಲ್ಲ ಗೌಡರು ಕೆಮ್ಮುವರು. ಕೆಮ್ಮಿ ಕೆಮ್ಮಿ ಅವರ ಗಂಟಲು ಸೋತ ಮೇಲೆ ಅತ್ತೆಯೇ ಆ ಕೆಲಸ ವಹಿಸಿಕೊಂಡರು: ಬುಟ್ಟಿಯಿಂದ ಸದ್ದು ಬಂದ ತಕ್ಷಣ ಮಳೆಯ ಬಗ್ಗೆಯೋ ರಾಗಿಯ ಬಗ್ಗೆಯೋ ದೊಡ್ಡ ದನಿಯಲ್ಲಿ ಮಾತು ತೆಗೆಯುವರು. ಬುಟ್ಟಿಯಲ್ಲಿ ಕೋಳಿಯೇ ಎಂದು ಕಂಡಕ್ಟರು ಕೇಳಿದರೆ, ಜೇನುತುಪ್ಪ ಎಂದರು ಗೌಡರು. ಜೇನುತುಪ್ಪ ಮತ್ತೆ ಕೀಚ್ ಎಂದಿತು. ಅತ್ತೆ ಕಂಡಕ್ಟರಿಗೆ ಗಂಟೆ ಎಷ್ಟು ಎಂದು ಕೇಳಿದರು.

ಮಿರ್ಲೆಯಲ್ಲಿ ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಗೌಡರು ಹಿತ್ತಲ ಕಡೆಯಿಂದ ಒಳಗೆ ಹೋದರು. ಪಾನಕ ಕುಡಿದು ಮುಗಿಯುವ ಹೊತ್ತಿಗೆ ಸಣ್ಣತಾಯಮ್ಮ ಬಂದು ಅಕ್ಕಿ ಕೋಣೆಗೆ ಕರೆದರು. ಮೂಟೆಯ ಮೇಲೆ ಹಕ್ಕಿ ಕೂತಿತ್ತು. ಬಣ್ಣ ಇನ್ನೂ ಮಂಕು. ಕೊಕ್ಕಿನ ಅಂಚಿನಲ್ಲಿ ಎಳೆಮರಿಯ ಹಳದಿ ಮಾಸಿರಲಿಲ್ಲ. ನಮ್ಮನ್ನು ಕಂಡು ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು.

"ನೀವ್ ಓದ್ಮೇಲೆ ಬಂತು, ನೋಡಿ" ಎಂದರು ಸಣ್ಣತಾಯಮ್ಮ. ಅವರು ನಮ್ಮ ಮುಖ ನೋಡುತ್ತಿರಲಿಲ್ಲ.

ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದರು. ಜನ್ಮವಿಡೀ ಸಾಕುಪ್ರಾಣಿಗಳ ನಡುವೆ ಕಳೆದವರು ಅವರು. ಎಮ್ಮೆಯ ವಯಸ್ಸನ್ನು ಹಲ್ಲು ನೋಡದೆ ಹೇಳುತ್ತಿದ್ದರು.

"ಅದೇ. ಪಾಪ, ಅಲೆದು ಅಲೆದು ಸ್ವಲ್ಪ ಇಳಿದುಹೋಗಿದೆ ಅಷ್ಟೆ" ಎಂದರು.

ಆ ರಾತ್ರಿ ಅಲ್ಲೇ ಉಳಿದೆವು. ಮಾರನೆಯ ದಿನ ಹೊರಡುವಾಗ ಸಣ್ಣತಾಯಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ಅತ್ತೆಯ ಅಂಗೈಯಲ್ಲಿಟ್ಟರು. ಶ್ರಾವಣದಲ್ಲಿ ಭೇರ್ಯದ ತಂಗಿಯ ಮನೆಯಲ್ಲಿ ಮದುವೆಯಂತೆ, ಎಲ್ಲರೂ ಹೋಗಬೇಕಂತೆ. ಮನೆಗೆ ನೀವೇ ಬರಬೇಕು, ಇನ್ನೊಂದು ಕೈ ನಮ್ಮಲ್ಲಿದೆ, ಇದು ನಿಮ್ಮ ಹತ್ತಿರವೇ ಇರಲಿ ಎಂದರು. ಅತ್ತೆ ಅದನ್ನು ನೋಡುತ್ತ ನಿಂತರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಧ್ಯಾಹ್ನದ ರೈಲಿನಲ್ಲಿ ಜನ ಕಡಿಮೆಯಿದ್ದರು. ಬಹಳ ಹೊತ್ತು ತಡೆದು ನಾನು ಕೊನೆಗೆ ಕೇಳಿಯೇಬಿಟ್ಟೆ: ಗೌಡರ ಬುಟ್ಟಿಯಲ್ಲಿ ಇದ್ದದ್ದು ನಿಮಗೆ ಗೊತ್ತಿತ್ತು, ಅವರ ಸುಳ್ಳಿಗೆ ನೀವೂ ಯಾಕೆ ಸೇರಿಕೊಂಡಿರಿ?

"ಇನ್ನೊಂದು ಹಕ್ಕಿ ಬೇಡ ಅಂತ ನನ್ನೆದುರಿಗೇ ಅಂದವಳು ಕಣೇ ಅವಳು" ಎಂದರು ಅತ್ತೆ. "ನಾನು ತಲೆ ಎತ್ತಿಕೊಂಡು ಓಡಾಡಲಿ ಅಂತ ಗಂಡನ್ನ ಕೋಟೆವರೆಗೂ ಅಟ್ಟಿದ್ದಾಳೆ. ನನಗೋಸ್ಕರ ಯಾರಾದರೂ ಇಷ್ಟು ಕಷ್ಟಪಟ್ಟು ಒಂದು ಸುಳ್ಳು ಹೇಳಿ ಎಷ್ಟು ವರ್ಷ ಆಯಿತು ಗೊತ್ತಾ ನಿನಗೆ?"

ಸಾಗರಕಟ್ಟೆಯ ಸೇತುವೆ ದಾಟುವವರೆಗೂ ಅವರು ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡಿದ್ದರು. ನಾನು ನೀರು ನೋಡುವ ನೆಪದಲ್ಲಿ ಅವರ ಪಕ್ಕಕ್ಕೆ ಸರಿದು ಕೂತೆ.