ಬಿಸಿಲು ಬಂದರೂ ಹಾಸಿಗೆಯಲ್ಲಿ

ತಂಗಿಯ ಎಲುಬಿನೊಳಗೆ ರಕ್ತ ಹುಟ್ಟುವುದು ನಿಂತಿತ್ತು. ನನ್ನ ರಕ್ತದಿಂದ ಬೇರ್ಪಡಿಸಿದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಬೆಳಗಾವಿಯ ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟರು. ಅವು ಅಲ್ಲಿ ನೆಲೆಯೂರಿದರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ. ವೈದ್ಯರು ಇಷ್ಟು ಬಿಡಿಸಿ ಹೇಳಲಿಲ್ಲ. ನನಗೆ ಅರ್ಥವಾಯಿತು.

ದಿನಾ ಖಾನಾಪುರದಿಂದ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಸೋಂಕು ತಗಲದಂತೆ ಇಟ್ಟಿದ್ದ ಕೋಣೆಯ ಗಾಜಿನಾಚೆ ಅವಳು ಸದಾ ನಿದ್ದೆಯಲ್ಲಿ. ಸೂರ್ಯ ಹುಟ್ಟಿದ ಮೇಲೂ ಹಾಸಿಗೆಯಲ್ಲಿರುವುದು ಹೆಣ ಮಾತ್ರ ಎಂದು ಚಿಕ್ಕಂದಿನಲ್ಲಿ ಅಪ್ಪ ತಂಬಿಗೆ ಬಡಿದು ನಮ್ಮನ್ನು ಎಬ್ಬಿಸುತ್ತಿದ್ದರು. ವ್ಯಾಯಾಮದ ಮಾಸ್ತರನಾಗಿದ್ದಾಗಲೂ, ನಿವೃತ್ತಿಯ ನಂತರವೂ ನಾನು ಆ ನಿಯಮ ಮೀರಿದವನಲ್ಲ. ಅವಳನ್ನು ಹಾಗೆ ನೋಡಲಾಗದೆ ಒಂದು ದಿನ ಬೆರಳ ಗೆಣ್ಣಿನಿಂದ ಗಾಜು ಬಡಿದೆ.

ಅವಳು ಒಂದು ಕಣ್ಣು ತೆರೆದು ಒಳಗಿನ ಫೋನ್ ಎತ್ತಿದಳು; ಹೊರಗಿನದನ್ನು ನಾನು ಎತ್ತಿದೆ. “ಅಣ್ಣಾ, ಸೀಟಿ ಊದೂದೊಂದು ಬಾಕಿ ಉಳದೈತಿ ನೋಡು. ಊದಿಬಿಡು, ಕವಾಯತಿಗೆ ಬರ್ತೀನಿ.” ಮತ್ತೆ ಕಣ್ಣು ಮುಚ್ಚಿದಳು.

ಅವಳ ಮಗಳು ಇಂಥ ಕೋಶಗಳನ್ನೇ ಅಭ್ಯಾಸ ಮಾಡುವವಳು. ನನ್ನ ತೋಳು ಹಿಡಿದು ಬೆಂಚಿಗೆ ಕರೆತಂದಳು. “ಕುಂದರ್ರಿ ಮಾಮಾ. ಮಲಗ್ಲಿ ಬಿಡ್ರಿ ಅಕಿ. ನೀವು ಕೊಟ್ಟ ಕೋಶಾನೂ ಹಂಗ. ಭಾಳ ಹೊತ್ತು ಮಲಗೇ ಇರಬೇಕು, ಅಂದ್ರನ ತಾಳ್ತಾವು.”

ಕೋಶ ಮಲಗುವುದು ಹೇಗೆಂದು ಕೇಳಿದೆ. ಏನು ತಯಾರಾಗಬೇಕೆಂಬ ಆಜ್ಞೆಯನ್ನು ಕೋಶದೊಳಗೆ ಒಯ್ಯುವುದು ಆರ್‌ಎನ್‌ಎಯಂತೆ. ಅದರ ಮೇಲೆ ಅಲ್ಲಲ್ಲಿ ಸಣ್ಣ ರಾಸಾಯನಿಕ ಗುರುತುಗಳು. ಯಾವ ಆಜ್ಞೆ ನಡೆಯಬೇಕು, ಯಾವುದು ಅಳಿಯಬೇಕು ಎಂಬುದರಲ್ಲಿ ಅವುಗಳ ಕೈವಾಡವಿದೆ. ಕೋಶಕ್ಕೆ ಶಕ್ತಿ ಕೊಡುವ ಒಲೆ ಸಣ್ಣಗಿದ್ದರೆ ಅದೇ ಅದರ ನಿದ್ದೆ; ಗುರುತು ತಪ್ಪಿದರೆ ಆ ಒಲೆ ಜೋರಾಗಿ ಉರಿಯಬಹುದು. ಹಾಗೆ ಉರಿದ ಕಾಂಡಕೋಶ ಬೇಗ ದಣಿದು, ರಕ್ತ ಹುಟ್ಟಿಸುವುದನ್ನೇ ಬಿಡಬಹುದು.

“ವಯಸ್ಸಾದವರ ಕೋಶದಾಗ?”

“ಆ ಗುರುತು ಬದಲಾಗಬಹುದ್ರಿ. ಇನ್ನೂ ಭಾಳ ತಿಳಿಯೂದೈತಿ,” ಎಂದಳು.

ಮರಳುವಾಗ, ರೈಲು ದೇಸೂರ ದಾಟಿದರೂ ಅವಳ ಮಾತೇ ತಲೆಯಲ್ಲಿತ್ತು. ಜನ್ಮದಲ್ಲಿ ಸುಮ್ಮನೆ ಕೂತವನಲ್ಲ ನಾನು. ನನ್ನ ಕೋಶಗಳೂ ಹಾಗೆಯೇ ಇದ್ದರೆ? ಅವಳ ಎಲುಬಿನೊಳಗೆ ಕವಾಯತು ಮಾಡಿ ಉರಿದು ಹೋದರೆ? ಕೋಶಕ್ಕೆ ಮನುಷ್ಯನ ಸ್ವಭಾವ ಇರುವುದಿಲ್ಲವೆಂದು ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ.

ಮರುದಿನ ಎಚ್ಚರವಾದರೂ ಏಳಲಿಲ್ಲ. ನಾನು ಇಲ್ಲಿ ಮಲಗಿದರೆ ಅವು ಅಲ್ಲಿ ಮಲಗಿಯಾವು ಎಂಬಂತೆ ಬಿದ್ದುಕೊಂಡೆ. ಬಿಸಿಲು ಚಾದರದ ಮೇಲೆ ಬಂತು. ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

“ಏನ್ರೀ, ಜ್ವರ ಬಂದಾವೇನು? ಜಳಕಿಲ್ಲ, ಪೂಜಿಲ್ಲ!”

“ಸುಮ್ಮನ ಮಲಗೀನಿ.”

“ಖರೇ ಹೇಳ್ರಿ,” ಎಂದು ಹಣೆ ಮುಟ್ಟಿದಳು. ಅವಳ ಕೈ ತಣ್ಣಗಿತ್ತು.

ಆಗ ಫೋನ್ ಬಡಿದುಕೊಂಡಿತು. ನನಗೆ ಎತ್ತಲಾಗಲಿಲ್ಲ. ಅವಳೇ ಎತ್ತಿ ನನ್ನ ಕಿವಿಗೆ ಹಿಡಿದಳು.

“ಮಾಮಾ, ಬಿಳಿ ರಕ್ತಕಣ ಒಂದೀಟು ಕಾಣಾಕತ್ತಾವ್ರಿ. ಇಷ್ಟಕ್ಕ ನಿಮ್ಮ ಕೋಶ ನೆಲಿ ಊರ್ಯಾವಂತ ಹೇಳಾಕಾಗೂದಿಲ್ಲ, ನಾಳೆ ಮತ್ತ ನೋಡಬೇಕು. ಇವತ್ತ ಯಾವ ಗಾಡಿಗೆ ಬರ್ತೀರಿ?”

“ಇವತ್ತ ಬರೂದಿಲ್ಲವ್ವಾ,” ಎಂದೆ. “ಮಲಗಿರ್ತೀನಿ.”

ಹೆಂಡತಿ ಕಿಟಕಿಯ ಪರದೆ ಎಳೆದಳು. ನಾನು ಅಲುಗದೆ ಮಲಗಿದೆ. ಎದೆಯೊಂದು ಮಾತ್ರ ಹೇಳಿದ ಮಾತು ಕೇಳದೆ ಬಡಿದುಕೊಳ್ಳುತ್ತಿತ್ತು.