ಬೆರಣಿಯ ಮೇಲಿನ ಬೆರಳು

ನನ್ನ ಮೊಮ್ಮಗಳ ಹೆಬ್ಬೆರಳಿನ ತುದಿ ಅವರೆಕಾಳಿಗಿಂತ ಚಿಕ್ಕದು. ಅದರ ಮೇಲೆ ಆಗಲೇ ಗೆರೆಗಳ ಸುಳಿಯಿದೆ, ನಂಬುತ್ತೀರಾ? ಈ ಸುದ್ದಿಯನ್ನು ಹೇಳಿ ಹೇಳಿ, ಸಿಂಗಟಗೆರೆಯಲ್ಲಿ ಬಸ್ಸಿಗೆ ಕಾಯುವವರೂ ನನ್ನನ್ನು ಕಂಡರೆ ನಡೆದೇ ಹೊರಡುವಂತೆ ಮಾಡಿದ್ದೇನೆ.

ಅಂಥ ಸುಳಿ ಲೋಕದಲ್ಲಿ ಇನ್ನೊಬ್ಬರಿಗಿಲ್ಲ ಎಂದವನು ಪೊಲೀಸ್ ಪೇದೆಯಾದ ನನ್ನ ಅಳಿಯ. ಹಿಂದೆ ಬಂಗಾಳದಲ್ಲಿ ಒಬ್ಬ ಬಿಳಿ ಸಾಹೇಬ, ಕರಾರಿಗೆ ಒಪ್ಪಿದವನು ನಾಳೆ ನಾನಲ್ಲ ಎಂದಾನೆಂದು ಇಡೀ ಅಂಗೈಗೆ ಮಸಿ ಬಳಿದು ಒತ್ತಿಸಿಕೊಂಡನಂತೆ. ಆಮೇಲೆ ಕಲ್ಕತ್ತೆಯಲ್ಲಿ ನಮ್ಮವರೇ ಇಬ್ಬರು ಆ ಗೆರೆಗಳನ್ನು ವಿಂಗಡಿಸುವ ಲೆಕ್ಕ ಕಟ್ಟಿದರಂತೆ. ಕೀರ್ತಿ ಮಾತ್ರ ಸಾಹೇಬರ ಪಾಲಾಯಿತಂತೆ. ಮೂರನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನಾನು ಎಲ್ಲಕ್ಕೂ ತಲೆಯಾಡಿಸಿದೆ. ಆದರೆ ಈ ವಿದ್ಯೆ ನನ್ನ ಹೆಂಡತಿ ಗೌರಿಗೆ ಯಾರೂ ಕಲಿಸದೆಯೇ ಬಂದಿತ್ತು.

ನಮ್ಮ ಬೀದಿಯ ಹೆಂಗಸರು ಒಂದೇ ಗೋಡೆಗೆ ಬೆರಣಿ ತಟ್ಟುತ್ತಾರೆ. ಯಾವುದು ಯಾರದೆಂಬುದಕ್ಕೆ ಬೆರಳಚ್ಚೇ ಸಾಕ್ಷಿ. ಗೌರಿಯ ಕಿರುಬೆರಳು ಕುಡುಗೋಲಿಗೆ ಸಿಕ್ಕು ಮೊಂಡಾಗಿದ್ದರಿಂದ ಅವಳ ಬೆರಣಿಗೆ ನಾಲ್ಕೂವರೆ ಬೆರಳು. ಒಮ್ಮೆ ಪಕ್ಕದ ಮನೆಯ ರಂಗಮ್ಮ ಅವಳ ಬೆರಣಿ ಕಿತ್ತಿಟ್ಟುಕೊಂಡು, "ನಿಂದು ಅಂತ ಎಲ್ಲಿ ಬರ್ದೈತೆ?" ಅಂದಳು. ಗೌರಿ ಅಚ್ಚಿನ ಮೇಲೆ ಅಂಗೈಯಿಟ್ಟು, "ಇಲ್ಲಿ ಕಣೇ. ನಿನ್ ಕೈ ಇದ್ರೊಳಗೆ ಕೂರ್ಸು ನೋಡಾನ" ಅಂದಳು. ರಂಗಮ್ಮ ನಕ್ಕು, ಬುಟ್ಟಿ ಹೊತ್ತು ತಂದುಕೊಟ್ಟಳು.

ಮಗಳು ಬಸುರಿಯೆಂದು ತಿಳಿದಂದಿನಿಂದ ಗೌರಿ ಬಾಣಂತಿಯ ಸ್ನಾನಕ್ಕೆಂದೇ ಬೆರಣಿ ಒಟ್ಟುತ್ತಿದ್ದಳು. ಕೂಸಿನ ಮುಖ ಕಾಣುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟಳು. ಮಗಳು ಕೂಸಿನೊಡನೆ ಮನೆಗೆ ಬಂದಾಗ ನಾನು ಹಂಡೆಯ ಒಲೆಗೆ ತೆಂಗಿನ ಹಸಿ ಮಟ್ಟೆ ತುರುಕಿದೆ, ಸೋಗೆ ತುರುಕಿದೆ. ಬೆರಣಿಯನ್ನು ಮಾತ್ರ ಮುಟ್ಟಲಿಲ್ಲ. ಫೋಟೋದಲ್ಲಿ ಗೌರಿಯ ಮುಖವಿದೆ. ಕೈ ಇರುವುದು ಆ ರಾಶಿಯಲ್ಲಿ. ಹೊಗೆಗೆ ಬಾಣಂತಿ ಕೆಮ್ಮತೊಡಗಿದಳು. ನೀರೆರೆಯಲು ಬಂದಿದ್ದ ರಂಗಮ್ಮ ರಾಶಿಯನ್ನೂ ನನ್ನನ್ನೂ ನೋಡಿದಳು.

"ಅವ್ಳು ತಟ್ಟಿದ್ದು ಮಗಳ ನೀರಿಗೆ ಕಣಣ್ಣ. ನೀನು ಮಡಿಕ್ಕಂಡು ನೋಡಕ್ಕಲ್ಲ."

ಒಂದೊಂದಾಗಿ ನಾನೇ ಒಲೆಗಿಟ್ಟೆ. ಕೂಸಿಗೆ ಸಾಂಬ್ರಾಣಿ ಹಾಕಲು ಕೆಂಡ ಬೇಕಾಯಿತು. ಬೆರಣಿ ಉರಿದರೂ ಆಕಾರ ಬಿಡದು. ಬೆರಳುಗಳ ಸಮೇತ ಕೆಂಪಗೆ ಮಲಗಿದ್ದುದನ್ನು ಒಡೆಯದಂತೆ ಎತ್ತಿ ತಟ್ಟೆಗಿಟ್ಟೆ. ಹೊಗೆಯ ಮೇಲೆ ಹಿಡಿದ ಕೂಸು ಸೀನಿತು. ರಂಗಮ್ಮ ನೂರು ಕಾಲ ಬಾಳೆಂದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಒರೆಸಿಕೊಳ್ಳಲೆಂದು ತಿಳಿಯಲಿಲ್ಲ.

ಮಧ್ಯಾಹ್ನ ರಂಗಮ್ಮ ತಟ್ಟೆಯ ಬೂದಿ ಚೆಲ್ಲಲೇ ಎಂದು ಕೇಳಿದಳು.

"ಇರ್ಲಿ ಕಣಮ್ಮ, ಇನ್ನೂ ಬಿಸಿ ಐತೆ" ಎಂದೆ.

ಅದು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.