ಶಾಫ್ಟಿನ ಮೇಲಿನ ಗೆರೆ

ಕಲಬುರಗಿಯಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತೇನೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಶರಣಸಿರಸಗಿ ದಾರಿಯಲ್ಲಿ, ಮನೆಯ ಮುಂದೆಯೇ ಇರುವ ನನ್ನ ಅಂಗಡಿಗೆ ಬರುವುದೆಲ್ಲ ಬಾವಿಯ ಪಂಪುಗಳೇ. ಆದರೆ ಕಮಲಾಪುರದ ಆಚೆಯ ಕೆರೆಯಲ್ಲಿ ಮೀನು ಹಿಡಿಯುವವನೊಬ್ಬ ವರ್ಷಕ್ಕೊಮ್ಮೆ ತನ್ನ ಹಳೆಯ ಇಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಟೆಂಪೋದಲ್ಲಿ ತರುತ್ತಾನೆ. ಅದಕ್ಕೆ ಈ ಊರಲ್ಲಿ ನಾನೊಬ್ಬನೇ ಗತಿ ಎಂಬ ಜಂಬ ನನಗಿತ್ತು.

ಈ ಸಲ ಅವನು ಒಂದೇ ತಿಂಗಳಲ್ಲಿ ಎರಡು ಸಲ ಬಂದ. ಎರಡನೆಯ ಸಲ ಇಂಜಿನ್ ಇಳಿಸಿ ಪಕ್ಕದಲ್ಲೇ ನಿಂತ. ನಾನು ಕೆಳಗಿನ ಗೇರ್ ಪೆಟ್ಟಿಗೆಯ ಬೋಲ್ಟ್ ಬಿಚ್ಚಿದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಣ್ಣೆಗೆ ನೀರು ಸೇರಿದರೆ ಹಾಗಾಗುತ್ತದೆ. ಆ ನೀರನ್ನು ತಡೆಯಬೇಕಾದದ್ದು ಶಾಫ್ಟಿನ ಸುತ್ತ ಕೂರುವ ರಬ್ಬರ್ ಸೀಲ್. ಹದಿನೈದು ದಿನದ ಹಿಂದೆ ಅದನ್ನು ಹಾಕಿದವನು ನಾನೇ.

“ನಡು ಕೆರ್ಯಾಗ ಬಂದ್ ಬಿತ್ರೀ. ಗಾಳಿ ಬ್ಯಾರೆ. ಜೋಡಿ ನನ್ನ ಹೆಂಡ್ತಿ ಇದ್ಳು. ಆಕಿಗಿ ಈಜು ಬರಲ್ಲ,” ಎಂದ.

“ಸೀಲ್ ನಕಲಿ ಇರಬೇಕು. ಸೂಪರ್ ಮಾರ್ಕೆಟ್ ಬಜಾರಿನ್ಯಾಗ ಈಗ ಬರೇ ಡುಪ್ಲಿಕೇಟ್ ಮಾಲ್,” ಎಂದೆ.

“ನೀವು ಹೇಳಿದ ಮ್ಯಾಲ ಖರೇನೇ ಇರ್ತದ ಬಿಡ್ರಿ,” ಎಂದು ಹೊರಟುಹೋದ.

ಎರಡು ಜೀವ ನೀರಿನ ಪಾಲಾಗಬಹುದಿತ್ತು. ನನ್ನ ಎದೆ ಝಲ್ ಎನ್ನಬೇಕಿತ್ತು. ಏನೂ ಅನ್ನಿಸಲಿಲ್ಲ. ಹಳೆಯ ಪೇಪರಿನ ಸುದ್ದಿ ಓದಿದವನಂತೆ ಬೋಲ್ಟ್ ಬಿಚ್ಚುವ ಪಾನಾ ಕೈಗೆತ್ತಿಕೊಂಡೆ.

ಎರಡು ವರ್ಷದಿಂದ ನನ್ನ ಬೆರಳುಗಳಿಗೆ ಸ್ಪರ್ಶ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ. ಮೊದಲು ಜುಮುಜುಮು ಎನ್ನುತ್ತಿದ್ದವು, ಆಮೇಲೆ ಅದೂ ನಿಂತಿತು. ಮನೆಯಲ್ಲಿ ಹೇಳಲಿಲ್ಲ. ಒಮ್ಮೆ ಹೆಬ್ಬೆರಳಿನ ಗುಳ್ಳೆ ನೋಡಿ ಹೆಂಡತಿ ಯಾವಾಗ ಸುಟ್ಟಿತೆಂದು ಕೇಳಿದಾಗ “ನಿನ್ನೆ” ಎಂದಿದ್ದೆ. ನಿಜಕ್ಕೂ ಯಾವಾಗ ಸುಟ್ಟಿತೋ ನನಗೇ ಗೊತ್ತಿರಲಿಲ್ಲ. ಕಾಯಿಲೆಗಿಂತ ಹೆಚ್ಚಾಗಿ, ಹೇಳದೆ ಹೇಳದೆ ಒಳಗೂ ಮರಗಟ್ಟಿಹೋಗಿದ್ದೆ ಅನ್ನಿಸುತ್ತದೆ.

ಇಂಜಿನ್ ಪೂರ್ತಿ ಬಿಚ್ಚಿದೆ. ನೀರಿಗೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಕಟ್ಟಿತ್ತು. ಅದನ್ನು ತಂತಿಬ್ರಷ್‌ನಿಂದ ಉಜ್ಜಿ ತೆಗೆದೆ. ತುಕ್ಕು ಹಿಡಿದು ಕೂತಿದ್ದ ಎರಡು ಬೋಲ್ಟಿಗೆ ಡೀಸೆಲ್ ಬಿಟ್ಟು, ಕಾಯಿಸಿ, ಮೆಲ್ಲಗೆ ಬಡಿದು ಅಲುಗಾಡಿಸಿದೆ. ಈ ಕೆಲಸಕ್ಕೆಲ್ಲ ಕಣ್ಣು, ಕಿವಿ ಸಾಕು. ಸೀಲಿನ ಕೆಲಸ ಹಾಗಲ್ಲ. ಸೀಲಿನ ತುಟಿ, ಅಂದರೆ ಅದರ ಒಳ ಅಂಚು, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಉಕ್ಕಿನ ಶಾಫ್ಟಿನ ಮೇಲೂ ಸಣ್ಣ ಗೆರೆ ಕೊರೆಯುತ್ತದೆ. ಹೊಸ ಸೀಲು ಅದೇ ಗೆರೆಯ ಮೇಲೆ ಕೂತರೆ ನಾಲ್ಕು ದಿನಕ್ಕೆ ಸೋರತೊಡಗುತ್ತದೆ. ಹೊಳೆಯುವ ಉಕ್ಕಿನಲ್ಲಿ ಗೆರೆ ಕಣ್ಣಿಗೆ ಕಾಣುವುದಿಲ್ಲ. ಉಗುರು ಎಳೆದು ನೋಡಬೇಕು, ತಡೆದರೆ ಗೆರೆ ಇದೆಯೆಂದು ಅರ್ಥ. ನನ್ನ ಉಸ್ತಾದರು ಪಾನಾ ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಇದನ್ನು.

ಉಗುರು ಎಳೆದೆ. ನುಣುಪು. ಮತ್ತೆ ಎಳೆದೆ. ನುಣುಪೇ.

ಹೆಂಡತಿ ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಿದ್ದಳು. ಬಾಯಿ ಪಕ್ಕದ ಮನೆಯವರ ಜೊತೆ, ಕಣ್ಣು ರಸ್ತೆಯ ಮೇಲೆ. ಆದರೂ ಬೇಳೆಯೊಳಗಿನ ಹರಳು ಅವಳ ಬೆರಳಿನಿಂದ ತಪ್ಪಿಸಿಕೊಂಡದ್ದಿಲ್ಲ. ನಾನು ಶಾಫ್ಟನ್ನು ಅವಳ ಮೊರದ ಪಕ್ಕದಲ್ಲೇ ಇಟ್ಟಿದ್ದೆ. ಬೇಳೆಗೆ ಎಣ್ಣೆ ತಾಗೀತೆಂದು ಬೈಯುತ್ತ ಅದನ್ನೆತ್ತಿ ಅರಿವೆಯಿಂದ ಒರೆಸಿದಳು. ಅವಳ ಹೆಬ್ಬೆರಳು ಒಂದು ಕಡೆ ನಿಂತಿತು.

“ಇಲ್ಲಿ ಗೆರಿ ಬಿದ್ದದಲ್ರೀ. ಸುತ್ತ ಬಳಿ ತೊಟ್ಟಂಗ ಅದ.”

“ಇಲ್ಲ. ನಾ ನೋಡೀನಿ.”

“ಅದ ರೀ. ಇಲ್ಲಿ ಮುಟ್ರಿ.” ನನ್ನ ಬೆರಳು ಹಿಡಿದು ಅದರ ಮೇಲೆ ಎಳೆದಳು. “ಹತ್ತಿತಾ?”

ಅವಳ ಮುಖ ನೋಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವಳು ನನ್ನ ಬೆರಳು ಬಿಡಲಿಲ್ಲ. ಹಳೆಯ ಗುಳ್ಳೆಯ ಕಲೆ ನೋಡಿದಳು. “ಎಷ್ಟು ದಿನ ಆತು?”

“ಎರಡು ವರ್ಷ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಶಾಫ್ಟ್ ತೊಡೆಯ ಮೇಲಿಟ್ಟುಕೊಂಡು, “ಎಲ್ಲಿಂದ ಎಲ್ಲಿ ತನಕ ಅದ ಹೇಳ್ತೀನಿ, ಗುರ್ತ ಹಾಕ್ರಿ,” ಎಂದಳು. ಅವಳು ಹೇಳಿದಲ್ಲಿ ಪೆನ್ಸಿಲ್ ಎಳೆದೆ. ಹೊಸ ಸೀಲಿನ ತುಟಿ ಸವೆಯದ ಉಕ್ಕಿನ ಮೇಲೆ ಬೀಳುವಂತೆ, ಅಕ್ಕಿಕಾಳಿನಷ್ಟು ಹೊರಗೆ ಕೂರಿಸಿದೆ.

ಇಂಜಿನ್ನನ್ನು ನಾನೇ ಒಯ್ದೆ. ಮಹಾಗಾಂವ ದಾಟುವವರೆಗೂ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಕೆರೆಯ ದಡದಲ್ಲಿ ಮೀನು ಹಿಡಿಯುವವನು ಮೊದಲು ಕೇಳಿದ್ದೇ ಸೀಲಿನ ವಿಷಯ: “ಅಸಲಿ ಸೀಲ್ ಸಿಕ್ತಾ?”

“ಹೋದ ಸಲಾನೂ ಅಸಲೀನೇ ಇತ್ತು. ತಪ್ಪು ನಂದು. ನನ್ನ ಬೆರಳಿಗಿ ಏನೂ ತಿಳಿಯಲ್ಲ. ಈ ಸಲ ನನ್ನ ಹೆಂಡ್ತಿ ಮುಟ್ಟಿ ನೋಡ್ಯಾಳ.”

ಬಲೆ ಬಿಡಿಸುತ್ತಿದ್ದ ಅವನ ಹೆಂಡತಿ ತಲೆಯೆತ್ತಿದಳು. ಅವನು ಇಂಜಿನ್ನನ್ನು ದೋಣಿಗೆ ಬಿಗಿದ. ಆಮೇಲೆ ದೋಣಿ ತೋರಿಸಿ, “ಹಂಗಾದ್ರ ಮೊದಲ ಸುತ್ತು ನೀವು ಕೂಡ್ರಿ,” ಎಂದ.

ಕೂತೆ. ನನಗೂ ಈಜು ಬರುವುದಿಲ್ಲ. ನಡುಕೆರೆಯಲ್ಲಿ ಅವನು ಬೇಕೆಂದೇ ಇಂಜಿನ್ ನಿಲ್ಲಿಸಿದ. ಗಾಳಿಗೆ ದೋಣಿ ಓಲಾಡಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಅನ್ನಿಸಿತು. ಹೆದರಿಕೆ. ಅಂದು ಅವನ ಹೆಂಡತಿ ಇದೇ ಹಲಗೆಯ ಮೇಲೆ ಕೂತಿದ್ದಳು. ಅವನು ಹಗ್ಗ ಎಳೆದ. ಇಂಜಿನ್ ಹತ್ತಿತು. ದಡದವರೆಗೂ ನಾನು ದೋಣಿಯ ಅಂಚು ಹಿಡಿದೇ ಕೂತಿದ್ದೆ.

ಇಳಿಯುವಾಗ ಅವನ ಹೆಂಡತಿ ಬಲೆ ಬಿಟ್ಟು ಹತ್ತಿರ ಬಂದಳು.

“ಅಣ್ಣಾರ, ಅಂಚಿನ ತಗಡು ಅಷ್ಟು ಗಟ್ಟಿ ಹಿಡೀಬಾರ್ದು. ಕೈ ನೋಡ್ಕೋರಿ, ರಕ್ತ ಬರಾಕತ್ತದ,” ಎಂದಳು.

ನೋಡಿಕೊಂಡೆ. ಹೌದು, ಬರುತ್ತಿತ್ತು.